ಶಾಖಾಮೃಗದ ಸೂಚನೆ

ಮಲೆನಾಡಿನ ತೋಟದ ಮನೆಗೆ ಕೊಟ್ಟಿರುವ ನಮ್ಮ ಮಗಳಿಂದ ಕಳೆದ ಮಾಘದಲ್ಲಿ ವರ್ತಮಾನವೊಂದು ಬಂದಿತು. ಅಡಕೆಯ ತೋಟದ ಅಂಚಿನಲ್ಲಿ ಮಂಗವು ಸತ್ತು ಬಿದ್ದಿದೆ. ಹಿರಿಯರು ಅದಕ್ಕೆ ಅರಿಸಿನ ಕುಂಕುಮವನ್ನಿಟ್ಟು, ಹಾರ ಹಾಕಿ, ಸಂಸ್ಕಾರ ಮಾಡಬೇಕೆನ್ನುತ್ತಾರೆ. ಏನು ಮಾಡಲೆಂದು ಪ್ರಶ್ನೆ. ಯಾರೂ ಮುಟ್ಟಕೂಡದು, ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದೆಂದು ನಾವು ಒಡನೆಯೇ ಉತ್ತರವಿತ್ತೆವು. ಹಿರಿಯರು ನೊಂದುಕೊಂಡರಂತೆ. ಅವರಿಗೆ ಹೇಳಿದುದನ್ನೇ ವಾಚಕರಿಗೂ ಅರಿಕೆ ಮಾಡುವೆವು.

1957ನೆಯ ಇಸವಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುವು. ಸುತ್ತಣ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿದ್ವಾಂಸರು ಇದು ಆಫ್ರಿಕದ ಹಳದಿಜ್ವರವಿರಬಹುದೆಂದು ಮೊದಲು ಶಂಕಿಸಿದರು. ಪರೀಕ್ಷಿಸಲಾಗಿ, ಅದು ರಷ್ಯದ ಕಾಡುಗಳ ಮೆದುಳುಜ್ವರಕ್ಕೆ ಬಂಧುವಾದ ಹೊಸ ವೈರಸ್ಸೆಂದು ಸಿದ್ಧವಾಯಿತು. ಅದರ ವಾಹನವು ತರಗೆಲೆಗಳಲ್ಲಿ ಅಡಗಿರುವ ಉಣುಗು. ಸಂಶೋಧಕರು ಬಿಳಿಯ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು, ಅಂಟಿದ ಉಣುಗುಗಳನ್ನು ಒಂದೊಂದಾಗಿ ಆಯ್ದು ಪರೀಕ್ಷಿಸುವರು. ಎಂತಹ ತಾಳ್ಮೆ!

ಮಂಗವು ಸತ್ತು ದೇಹವು ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಹಾರ ಹಾಕಲು ಬಗ್ಗಿದವನಿಗೆ ಅಪಾಯವಿರುವುದು ಇಲ್ಲಿಯೇ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐವರು ಸಾಯುವುದುಂಟು; ಇದಕ್ಕೆಂದೇ ಬೇರೆ ಔಷಧವಿಲ್ಲ. ಆದರೆ ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು. ಆದುದರಿಂದ ರೋಗಿಯನ್ನು ದೂರವಿಡುವುದು ಅಧರ್ಮವೂ ಅಜ್ಞಾನವೂ ಆಗಿದೆ.

ಹೂಡೆಯ ಮರಳಿನಲ್ಲಿ, ಕಡಲಿಗೂ ಸ್ವರ್ಣಾನದಿಗೂ ನಡುವೆ ಕುಳಿತಿರುವ ನಮಗೆ ಇದೇಕೆಂದು ಕೇಳಬಹುದು. 1982-83ರಲ್ಲಿ ನಮ್ಮದೇ ಅಂದಿನ ಜಿಲ್ಲೆಯ ಬೆಳ್ತಂಗಡಿ ಸೀಮೆಯಲ್ಲಿ, ಗೇರುತೋಟಕ್ಕಾಗಿ ಕಾಡು ಕಡಿದ ಬಳಿಕ, ಈ ಜ್ವರವು ಕಾಣಿಸಿಕೊಂಡಿತು. 2019ರಲ್ಲಿ ಸಾಗರದ ಕಡೆ ಅದು ಉಲ್ಬಣಿಸಿದಾಗ ಹತ್ತಿರದ ಮಣಿಪಾಲದ ಆಸ್ಪತ್ರೆಗೇ ಅನೇಕ ರೋಗಿಗಳು ಬಂದರು. ಅಲ್ಲಿಯ ವೈರಸ್ ಸಂಶೋಧನಾಲಯವು ರಕ್ತವನ್ನು ಪರೀಕ್ಷಿಸಿತು. ನಮ್ಮ ನಂಟರಿಷ್ಟರು ಘಟ್ಟದ ಮೇಲೂ ಇರುವರಷ್ಟೆ. ಮಾರ್ಗಶಿರದಿಂದ ವೈಶಾಖದವರೆಗೆ ಅಲ್ಲಿ ಕೊಟ್ಟಿಗೆಗೆ ತರಗು ತರುವವರು ಮೈತುಂಬ ಬಟ್ಟೆ ತೊಟ್ಟು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಒಗೆಯುವುದು ಕ್ಷೇಮ.

ಸಂಸ್ಕೃತದಲ್ಲಿ ಮಂಗಕ್ಕೆ ಶಾಖಾಮೃಗವೆಂದು ಹೆಸರು. ಕೊಂಬೆಯಲ್ಲಿರಬೇಕಾದುದು ನೆಲಕ್ಕೆ ಬಿದ್ದರೆ ಅದು ನಮಗೆ ಸೂಚನೆ. ಆ ಸೂಚನೆಯನ್ನು ಹೂವಿನಿಂದ ಮುಚ್ಚುವುದು ಭಕ್ತಿಯಲ್ಲ.

ಮರುದಿನ ಇಲಾಖೆಯವರು ಬಂದು, ಪರೀಕ್ಷೆಗೆ ಬೇಕಾದುದನ್ನು ತೆಗೆದುಕೊಂಡು, ದೇಹವನ್ನು ಅಲ್ಲಿಯೇ ಸುಟ್ಟರಂತೆ. ಹಿರಿಯರು ದೂರದಲ್ಲಿ ನಿಂತು ಕೈಮುಗಿದರು. ಅಗ್ನಿಸಂಸ್ಕಾರಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?