ಬಡ್ತಿಯ ಪಟ್ಟಿ ಮೂರು, ಯುದ್ಧದ ನಕ್ಷೆ ಒಂದು

1791ರ ಮೇ ತಿಂಗಳ ಕೊನೆಯ ವಾರ. ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ್ದ ಕಾರ್ನ್‌ವಾಲಿಸ್, ಗೆದ್ದೂ ಸೋತವನಾಗಿ ಕನ್ನಂಬಾಡಿಯಲ್ಲಿ ದಂಡು ಬಿಟ್ಟಿದ್ದ. ಮಳೆ ಹಿಡಿದಿತ್ತು. ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ದಂಡಿನಲ್ಲಿ ಅಕ್ಕಿ ಮುಗಿದಿತ್ತು. ಶ್ರೀರಂಗಪಟ್ಟಣದ ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದಿದ್ದ ಭಾರಿ ತೋಪುಗಳನ್ನು ತಾನೇ ಸಿಡಿಸಿ ಹಾಳುಮಾಡಿದ. ಪಿರಿಯಾಪಟ್ಟಣದವರೆಗೆ ಬಂದಿದ್ದ ಮುಂಬಯಿ ಸೈನ್ಯಕ್ಕೆ ಹಿಂದಿರುಗಲು ಹೇಳಿಕಳಿಸಿ ಬೆಂಗಳೂರಿನ ದಾರಿ ಹಿಡಿದ. ಮೊದಲ ದಿನದ ನಡಿಗೆಯಲ್ಲೇ ಎದುರಿಗೆ ಕುದುರೆ ಸವಾರರ ದಂಡೊಂದು ಕಾಣಿಸಿತು. ಶತ್ರುವೇ ಬಂದನೆಂದು ಎಲ್ಲರೂ ಅಂದುಕೊಂಡರು. ಬಂದವರು ಮಿತ್ರರಾಗಿದ್ದ ಮರಾಠರು. ಹರಿಪಂತ ಮತ್ತು ಪರಶುರಾಮ ಭಾವು, ಕಾಳುಕಡ್ಡಿ ತುಂಬಿದ ಬಜಾರನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದರು. ಇವರು ಬರುತ್ತಿದ್ದ ಸುದ್ದಿ ಹೊತ್ತ ಓಲೆಕಾರರನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿದುಹಾಕಿದ್ದರು. ಸುದ್ದಿ ನಾಲ್ಕು ದಿನ ಮೊದಲು ಸಿಕ್ಕಿದ್ದರೆ ತೋಪುಗಳು ಉಳಿಯುತ್ತಿದ್ದವು.

ನಮ್ಮ ಬೆಳ್ಳೂರಿನಿಂದ ನಾಗಮಂಗಲ ದಾಟಿ, ಮೇಲುಕೋಟೆಯ ಬೆಟ್ಟವನ್ನು ಬಲಕ್ಕೋ ಎಡಕ್ಕೋ ಬಿಟ್ಟು ಇಳಿದರೆ ಸಿಗುವ ನೆಲ ಅದು. ಆಗ ಕಾರ್ನ್‌ವಾಲಿಸ್ ಗವರ್ನರ್ ಜನರಲ್ಲೂ ಹೌದು, ಸೇನಾಧಿಪತಿಯೂ ಹೌದು. ಅಧಿಕಾರವೆಲ್ಲ ಒಬ್ಬನ ಕೈಯಲ್ಲೇ ಇತ್ತು, ಆದರೂ ಒಂದೇ ಸೀಮೆಯೊಳಗಿದ್ದ ಮಿತ್ರ ಸೈನ್ಯ ಅವನ ಕಣ್ಣಿಗೆ ಬೀಳಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ದವಸ, ದಾರಿ, ಸುದ್ದಿ ಎಲ್ಲವನ್ನೂ ಹೊಂದಿಸಿಕೊಂಡು ಮತ್ತೆ ಬಂದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು.

ಈ ಹಳೆಯ ಲೆಕ್ಕ ತೆಗೆದದ್ದಕ್ಕೆ ಕಾರಣವಿದೆ. ದೇಶದ ಮೂರು ಸೇನೆಗಳನ್ನು ಕೂಡಿಸುವ ಮಾತು ಶುರುವಾಗಿ ಕಾಲು ಶತಮಾನ ಕಳೆದಿದೆ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಹೇಳಿತು. 2001ರಲ್ಲಿ ಮಂತ್ರಿಗಳ ಗುಂಪು ಹೇಳಿತು. 2012ರಲ್ಲಿ ನರೇಶ್ ಚಂದ್ರ ಸಮಿತಿ, 2016ರಲ್ಲಿ ಶೇಕಟ್ಕರ್ ಸಮಿತಿ ಹೇಳಿದವು. ಮೂರೂ ಪಡೆಗಳಿಗೆ ಸೇರಿದ ಒಂದು ಕಮಾಂಡ್ 2001ರಲ್ಲಿ ಅಂಡಮಾನ್ ನಿಕೋಬಾರಿನಲ್ಲಿ ಹುಟ್ಟಿತು. ಮುಖ್ಯ ಭೂಮಿಯಲ್ಲಿ ಮಾತ್ರ ಭೂಸೇನೆಗೆ 7, ವಾಯುಪಡೆಗೆ 7, ನೌಕಾಪಡೆಗೆ 3, ಒಟ್ಟು 17 ಕಮಾಂಡುಗಳು ತಮ್ಮ ತಮ್ಮ ಗಡಿಕಲ್ಲು ನೆಟ್ಟುಕೊಂಡು ಕೂತವು. ಮನೆಯೊಂದು ಮೂರು ಬಾಗಿಲು.

2019ರ ಡಿಸೆಂಬರ್ 24ರಂದು ಕೇಂದ್ರ ಸಂಪುಟ ಮೂರು ಸೇನೆಗಳಿಗೂ ಸೇರಿದ ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್) ಹುದ್ದೆಗೆ ಒಪ್ಪಿಗೆ ಕೊಟ್ಟಿತು. ಮೊದಲ ಸಿಡಿಎಸ್ ಅಧಿಕಾರ ವಹಿಸಿಕೊಂಡ ಮೂರು ವರ್ಷದೊಳಗೆ ಕಾರ್ಯಾಚರಣೆ, ಸಾಗಣೆ, ತರಬೇತಿ, ಸಂಪರ್ಕಗಳಲ್ಲಿ ಪಡೆಗಳು ಒಂದಾಗಬೇಕು ಎಂದು ಗಡುವನ್ನೂ ಅದೇ ಹಾಕಿತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಕುರ್ಚಿಯಲ್ಲಿ ಕೂತರು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರು. ಆ ಕುರ್ಚಿಗೆ ಇನ್ನೊಬ್ಬರು ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಒಂಬತ್ತು ತಿಂಗಳಿಗೂ ಹೆಚ್ಚು ಕಾಲ, ಲಡಾಖಿನಲ್ಲಿ ಚೀನಾದ ಸೈನಿಕರು ಎದುರು ನಿಂತಿದ್ದಾಗ, ದೇಶದ ಅತಿ ಹಿರಿಯ ಸೇನಾ ಹುದ್ದೆ ಖಾಲಿ ಬಿದ್ದಿತ್ತು. ಗಡುವಿನ ಮೂರು ವರ್ಷ 2022ರ ಡಿಸೆಂಬರಿಗೇ ತುಂಬಿತು. ಮುಖ್ಯ ಭೂಮಿಯಲ್ಲಿ ಮೂರೂ ಪಡೆಗಳನ್ನು ಒಬ್ಬ ಕಮಾಂಡರನ ಕೆಳಗೆ ತರುವ ಥಿಯೇಟರ್ ಕಮಾಂಡ್ ಒಂದೂ ಹುಟ್ಟಿರಲಿಲ್ಲ. ಯಾರೂ ಉತ್ತರ ಹೇಳಲಿಲ್ಲ. ಪಂಚಾಯಿತಿಯ ನೀರಗಂಟಿ ಹುದ್ದೆ ಒಂಬತ್ತು ತಿಂಗಳು ಖಾಲಿ ಇದ್ದರೆ ನಮ್ಮೂರಲ್ಲಿ ಪಂಚಾಯಿತಿ ಬಾಗಿಲಿಗೆ ಬೀಗ ಬೀಳುತ್ತದೆ.

ನೀರಗಂಟಿಯ ಮಾತು ಬಂತಲ್ಲ, ಅಲ್ಲಿಂದಲೇ ಹೇಳಬಹುದು. ಕೆರೆಯ ಕೆಳಗೆ ಮೂರು ಊರಿನ ಗದ್ದೆಗಳಿವೆ ಎಂದುಕೊಳ್ಳಿ. ನೀರಗಂಟಿಗೆ ಕಾಳು ಅಳೆಯುವವನು ಮೇಲಿನ ಊರಿನ ಗೌಡ ಒಬ್ಬನೇ. ಮುಂದಿನ ವರ್ಷ ಇವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವನೂ ಆ ಗೌಡನೇ. ತೂಬಿನ ಮೇಲೆ 'ಎಲ್ಲರಿಗೂ ಸಮಪಾಲು' ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದರೂ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲ. ನಮ್ಮ ಜನರಲ್, ಅಡ್ಮಿರಲ್, ಏರ್ ಮಾರ್ಷಲ್‌ಗಳ ಪಾಡು ಇಷ್ಟೇ. ಬಡ್ತಿ ಮಂಡಳಿ ಕೂರುವುದು ಅವರವರ ಸೇನೆಯಲ್ಲಿ, ಮುಂದಿನ ನೇಮಕ ನಿರ್ಧಾರವಾಗುವುದೂ ಅಲ್ಲೇ. ಜಂಟಿ ಹುದ್ದೆಯಲ್ಲಿ ಎರಡು ವರ್ಷ ಕಳೆದವನು ತನ್ನ ಪಡೆಯ ಕಣ್ಣಿಂದ ಮರೆಯಾದವನು. ಇಂಥ ಏರ್ಪಾಡಿನೊಳಗೆ ಒಬ್ಬ ಮೇಜರ್ ಜನರಲ್ ತನ್ನ ಪಡೆಯ ಹಿತವನ್ನು ಬದಿಗಿಟ್ಟು ವಾಯುಪಡೆಯ ಪರ ಮಾತಾಡಬೇಕೆಂದು ಬಯಸುವುದು ಅವನ ಸಂಸಾರದ ಮೇಲೆ ಭಾರ ಹೊರಿಸಿದ ಹಾಗೆ. ಈ ಪತ್ರಿಕೆಯ ತೀರ್ಪು ಇದೇ: ಜಂಟಿ ಸೇನೆ ತಡವಾಗಿರುವುದಕ್ಕೆ ನಕ್ಷೆಯ ಕೊರತೆ ಕಾರಣವಲ್ಲ. ಬಡ್ತಿಯ ಕೀಲಿಕೈಯನ್ನು ಯಾರೂ ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಿ ಎಂದು ಹೇಳುವ ಧೈರ್ಯ ಸರ್ಕಾರಕ್ಕೂ ಬಂದಿಲ್ಲ.

ಬಡ್ತಿ ಕೆಟ್ಟರೆ ಯುದ್ಧ ಕೆಡುತ್ತದೆ ಎಂಬುದನ್ನು ಕನ್ನಡ ನಾಡಿಗೆ ಯಾರೂ ಕಲಿಸಬೇಕಾಗಿಲ್ಲ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1959ರ ಆಗಸ್ಟ್ 31ರಂದು ಭೂಸೇನೆಯ ಮುಖ್ಯಸ್ಥನ ಸ್ಥಾನಕ್ಕೆ ರಾಜೀನಾಮೆ ಬರೆದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಹಿರಿಯ ಅಧಿಕಾರಿಗಳ ಬಡ್ತಿಯಲ್ಲಿ ಕೈಹಾಕುತ್ತಿದ್ದದ್ದು, ಬಿ.ಎಂ. ಕೌಲ್ ಅವರನ್ನು ಮೇಲೆ ತಂದದ್ದು ಆ ಜಗಳದ ಬೇರು. ನೆಹರು ಕರೆಸಿ ಸಮಾಧಾನ ಮಾಡಿ ರಾಜೀನಾಮೆ ಹಿಂದೆ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ಅದೊಂದು ಸಣ್ಣ ವಿಷಯವೆಂಬಂತೆ ಮಾತಾಡಿ ತಿಮ್ಮಯ್ಯನವರನ್ನೇ ಹಗುರ ಮಾಡಿದರು. 1961ರಲ್ಲಿ ನಿವೃತ್ತಿಯಾಗುವಾಗ ತಿಮ್ಮಯ್ಯ ತಮ್ಮ ನಂತರಕ್ಕೆ ಥೋರಟ್ ಅವರನ್ನು ಸೂಚಿಸಿದ್ದರು. ಆ ಹೆಸರನ್ನು ಬದಿಗೆ ಸರಿಸಿ ಥಾಪರ್ ಅವರನ್ನು ತಂದರು. 1962ರ ಅಕ್ಟೋಬರಿನಲ್ಲಿ ನೇಫಾದ (ಇಂದಿನ ಅರುಣಾಚಲದ) ನಾಲ್ಕನೆಯ ಕೋರಿಗೆ ಕೌಲ್ ಅವರನ್ನೇ ಕಳಿಸಿದರು. ಚೀನಾದ ದಾಳಿ ಶುರುವಾದ ದಿನ ಅವರು ಕಾಯಿಲೆಯಾಗಿ ದೆಹಲಿಯಲ್ಲಿ ಮಲಗಿದ್ದರು. ಇನ್ನು ವಾಯುಪಡೆ? ಸಾಮಾನು ಇಳಿಸುವ ವಿಮಾನ, ಹೆಲಿಕಾಪ್ಟರುಗಳು ದುಡಿದವು, ಯುದ್ಧವಿಮಾನಗಳನ್ನು ಮೇಲೇರಿಸಲೇ ಇಲ್ಲ. ಬೆಟ್ಟದ ಮೇಲಿನ ಜವಾನ ಹತ್ತಿಯ ಬಟ್ಟೆಯಲ್ಲಿ ನಿಂತು ಕಾದಾಡಿದ. ತಿಮ್ಮಯ್ಯನವರ ರಾಜೀನಾಮೆ ಪತ್ರವನ್ನು ಆ ದಿನ ಗಂಭೀರವಾಗಿ ಓದಿದ್ದರೆ ಮೂರು ವರ್ಷದ ನಂತರದ ಕಥೆ ಸ್ವಲ್ಪವಾದರೂ ಬೇರೆಯಾಗುತ್ತಿತ್ತೇನೋ.

ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಕಥೆಯಿದೆ. ಮೀರ್ ಸಾದಿಕನ ಹೆಸರು ಇಲ್ಲಿನ ಮಗುವಿಗೂ ಗೊತ್ತು, ಬೇರ್ಡನ ಹೆಸರು ಅಷ್ಟು ಗೊತ್ತಿಲ್ಲ. ಡೇವಿಡ್ ಬೇರ್ಡ್ 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನ ಕೈಗೆ ಸೆರೆಸಿಕ್ಕು ಶ್ರೀರಂಗಪಟ್ಟಣದ ಕತ್ತಲೆಕೋಣೆಯಲ್ಲಿ ವರ್ಷಗಟ್ಟಲೆ ಕಳೆದವನು. 1799ರ ಮೇ 4ರಂದು ಕೋಟೆಯ ಬಿರುಕಿಗೆ ಮೊದಲು ನುಗ್ಗಿದ ದಳಕ್ಕೆ ಅವನೇ ಮುಂದಾಳು. ಗೆದ್ದ ಕೋಟೆಯ ಆಡಳಿತ ಸಿಕ್ಕಿದ್ದು ಮಾತ್ರ ಆರ್ಥರ್ ವೆಲ್ಲೆಸ್ಲಿಗೆ. ಅವನು ಸೇವೆಯಲ್ಲಿ ಕಿರಿಯ. ಹಿಂದಿನ ತಿಂಗಳಷ್ಟೇ ಸುಲ್ತಾನಪೇಟೆಯ ತೋಪಿನಲ್ಲಿ ರಾತ್ರಿಯ ದಾಳಿಯೊಂದನ್ನು ಕೆಡಿಸಿಕೊಂಡು ಹಿಂದೆ ಬಂದಿದ್ದ. ಗವರ್ನರ್ ಜನರಲ್ಲನಿಗೆ ತಮ್ಮ. ಬೇರ್ಡ್ ಅರಮನೆಯಲ್ಲಿ ಬೆಳಗಿನ ಉಪಾಹಾರಕ್ಕೆ ಕೂತಿದ್ದಾಗ ವೆಲ್ಲೆಸ್ಲಿ ನೇಮಕದ ಆದೇಶ ಹಿಡಿದು ಬಂದನಂತೆ. ಬೇರ್ಡನ ನೋವು ಕೊನೆಯವರೆಗೂ ಆರಲಿಲ್ಲ. ವೆಲ್ಲೆಸ್ಲಿ ಮುಂದೆ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಆದ ಎಂಬುದು ನಿಜ. ಆಯ್ಕೆ ಫಲಿಸಿತು ಎಂದು ಅವನ ಪರವಾಗಿ ವಾದಿಸುವವರಿದ್ದಾರೆ. ಜೂಜಿನಲ್ಲಿ ಗೆದ್ದವನೂ ಹಾಗೇ ವಾದಿಸುತ್ತಾನೆ.

ಇಂದು ಅಣ್ಣತಮ್ಮಂದಿರ ಕಾಟವಿಲ್ಲ, ಹುಟ್ಟಿದ ತಾರೀಖಿನ ಕಾಟವಿದೆ. ಲೆಫ್ಟಿನೆಂಟ್ ಜನರಲ್ 60ಕ್ಕೆ, ಮೇಜರ್ ಜನರಲ್ 58ಕ್ಕೆ, ಬ್ರಿಗೇಡಿಯರ್ 56ಕ್ಕೆ ಮನೆಗೆ. ಮೇಲೇರುವ ಮೆಟ್ಟಿಲು ಕಿರಿದು, ಒಂದೊಂದು ಮೆಟ್ಟಿಲ ಮೇಲೆ ನಿಲ್ಲುವ ಹೊತ್ತೂ ಕಡಿಮೆ. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದ ಬಗ್ಗವಳ್ಳಿಯ ಬಿ.ಎಸ್. ರಾಜು 2022ರ ಮೇಯಲ್ಲಿ ಭೂಸೇನೆಯ ಉಪಮುಖ್ಯಸ್ಥರಾದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ವರ್ಷ ತುಂಬುವ ಮೊದಲೇ ಅವರು ಜೈಪುರದ ನೈಋತ್ಯ ಕಮಾಂಡಿಗೆ ಹೋದರು, ಸ್ವಲ್ಪ ಕಾಲದಲ್ಲೇ ನಿವೃತ್ತರೂ ಆದರು. ಅವರ ಯೋಗ್ಯತೆಯ ಮಾತಲ್ಲ ಇದು. ಒಂದು ಕುರ್ಚಿಯನ್ನು ವರ್ಷಕ್ಕೊಬ್ಬರು ಬಿಸಿಮಾಡಿ ಏಳುವುದಾದರೆ ಮೂರು ಪಡೆಗಳ ಹತ್ತು ವರ್ಷದ ಕೆಲಸವನ್ನು ಅಲ್ಲಿ ಕೂತು ಯೋಚಿಸುವವರು ಯಾರು?

ಅಮೆರಿಕದವರು ಈ ಪಾಠವನ್ನು ಹೆಣ ಎಣಿಸಿ ಕಲಿತರು. 1980ರ ಏಪ್ರಿಲಿನಲ್ಲಿ ಇರಾನಿನ ಒತ್ತೆಯಾಳುಗಳನ್ನು ಬಿಡಿಸಲು ಹೊರಟಾಗ ಹೆಲಿಕಾಪ್ಟರ್ ನೌಕಾಪಡೆಯದು, ಓಡಿಸಿದವರು ಮೆರೀನುಗಳು, ವಿಮಾನ ವಾಯುಪಡೆಯದು, ಇಳಿಯಬೇಕಾದವರು ಭೂಸೇನೆಯವರು. ಮರುಭೂಮಿಯಲ್ಲಿ ಒಂದಕ್ಕೊಂದು ಡಿಕ್ಕಿಯಾಗಿ ಎಂಟು ಜನ ಸತ್ತರು. 1986ರಲ್ಲಿ ಗೋಲ್ಡ್‌ವಾಟರ್-ನಿಕಲ್ಸ್ ಕಾಯಿದೆ ಬಂತು. ಅದು ಕಚ್ಚಿದ್ದು ಬಡ್ತಿಯ ಕಲಮಿನಲ್ಲಿ: ಜಂಟಿ ಹುದ್ದೆಯಲ್ಲಿ ದುಡಿಯದವನು ಜನರಲ್ ಆಗುವಂತಿಲ್ಲ ಎಂದಿತು. ಅಲ್ಲಿಯವರೆಗೆ ಜಂಟಿ ಹುದ್ದೆ ಎಂದರೆ ಮೂಗು ಮುರಿಯುತ್ತಿದ್ದ ಚುರುಕು ಅಧಿಕಾರಿಗಳೇ ಅದಕ್ಕೆ ಸಾಲು ನಿಂತರು.

ನಮ್ಮಲ್ಲಿ ಆಗಿರುವುದನ್ನು ಅಲ್ಲಗಳೆಯುವುದಿಲ್ಲ. 2023ರ ಆಗಸ್ಟ್ 1ರಿಂದ ಭೂಸೇನೆಯ ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ಸಮವಸ್ತ್ರ ಬಂತು. ರೆಜಿಮೆಂಟಿನ ಟೋಪಿ, ಬಿಲ್ಲೆಗಳ ಜಾತಿಭೇದ ಅಷ್ಟರ ಮಟ್ಟಿಗೆ ಹೋಯಿತು. ಮೂರೂ ಪಡೆಗಳು ಸೇರಿರುವ ಕಡೆ ಒಬ್ಬನೇ ಕಮಾಂಡರ್ ಎಲ್ಲರ ಮೇಲೂ ಶಿಸ್ತಿನ ಕ್ರಮ ಜರುಗಿಸುವ ಕಾಯಿದೆ ಅದೇ ವರ್ಷ ಪಾಸಾಗಿ 2024ರ ಮೇಯಲ್ಲಿ ಜಾರಿಗೆ ಬಂತು. ಅಂಗಿ ಒಂದಾಯಿತು, ಶಿಕ್ಷೆಯ ಅಧಿಕಾರ ಒಂದಾಯಿತು. ಬಹುಮಾನದ ಅಧಿಕಾರ ಎಲ್ಲಿದೆಯೋ ಅಲ್ಲೇ ಇದೆ.

ಥಿಯೇಟರ್ ಕಮಾಂಡುಗಳ ಬಗ್ಗೆ ವಾಯುಪಡೆಯ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವವರಿಗೂ ಒಂದು ಮಾತು. 2025ರ ಆಗಸ್ಟಿನಲ್ಲಿ ಮಹೂನಲ್ಲಿ ನಡೆದ ಸಭೆಯಲ್ಲಿ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಅವಸರ ಬೇಡ ಎಂದು ಬಹಿರಂಗವಾಗಿಯೇ ಹೇಳಿದರು. ಮಂಜೂರಾದ 42 ಸ್ಕ್ವಾಡ್ರನ್‌ಗಳಲ್ಲಿ ಕೈಯಲ್ಲಿರುವುದು 30ರ ಆಸುಪಾಸು. ಇರುವ ವಿಮಾನಗಳನ್ನು ಕಮಾಂಡಿಗಿಷ್ಟು ಎಂದು ಹಂಚಿಬಿಟ್ಟರೆ ಒಂದು ಗಡಿ ಹೊತ್ತಿ ಉರಿಯುವಾಗ ಇನ್ನೊಂದು ಗಡಿಯ ವಿಮಾನಗಳು ನೆರಳಲ್ಲಿ ನಿಂತಿರುತ್ತವೆ ಎಂಬ ಅವರ ಪಡೆಯ ಹೆದರಿಕೆ ಸುಳ್ಳಲ್ಲ. ತಪ್ಪಿರುವುದು ಬೇರೆ ಕಡೆ. ಮುಚ್ಚಿದ ಬಾಗಿಲೊಳಗೆ ಐದಾರು ವರ್ಷ ಚರ್ಚಿಸಿದ ಮೇಲೂ ಮುಖ್ಯಸ್ಥರು ಒಂದೇ ವೇದಿಕೆಯಲ್ಲಿ ಒಬ್ಬರು ಏರಿಗೆ ಒಬ್ಬರು ನೀರಿಗೆ ಎಳೆಯುತ್ತಾರೆಂದರೆ, ಕೇಳಿ ತೀರ್ಮಾನ ಹೇಳಬೇಕಾದ ಮಂತ್ರಿಗಳು ಎಲ್ಲಿ ಹೋಗಿದ್ದರು?

ಬೆಳ್ಳೂರಿನವರಿಗೆ ದಂಡನಾಯಕ ಎಂಬ ಮಾತು ಹೊಸದಲ್ಲ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಈ ಊರನ್ನು ಉದ್ಭವ ನರಸಿಂಹಪುರವೆಂಬ ಅಗ್ರಹಾರ ಮಾಡಿದ ಪೆರುಮಾಳೆ ದಂಡನಾಯಕ ಮಂತ್ರಿಯೂ ಆಗಿದ್ದ, ಸೇನಾನಿಯೂ ಆಗಿದ್ದ. ಇಂದಿನ ಸಿಡಿಎಸ್ ತಲೆಯ ಮೇಲೂ ಇಂಥದೇ ಎರಡು ಪೇಟ: ಸೇನಾ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ, ಮುಖ್ಯಸ್ಥರ ಸಮಿತಿಯ ಅಧ್ಯಕ್ಷ. ಪೆರುಮಾಳೆಯ ಮಾತಿಗೆ ದಂಡು ಹೊರಡುತ್ತಿತ್ತು. ಸಿಡಿಎಸ್ ಮಾತಿಗೆ ಮೂರು ಪಡೆಗಳಲ್ಲಿ ಒಂದೂ ಹೊರಡುವಂತಿಲ್ಲ. 2022ರ ಜೂನ್‌ನಲ್ಲಿ ನಿಯಮ ಬದಲಿಸಿ, 62 ದಾಟದ ನಿವೃತ್ತ ಲೆಫ್ಟಿನೆಂಟ್ ಜನರಲ್‌ಗಳಿಗೂ ಆ ಸಮಾನ ದರ್ಜೆಯವರಿಗೂ ಈ ಹುದ್ದೆಯ ಬಾಗಿಲು ತೆರೆದರು. ಹಾಗೆ ಬಂದ ಜನರಲ್ ಅನಿಲ್ ಚೌಹಾಣ್ ಅವರ ಅವಧಿಯನ್ನು ಮುಗಿಯುವ ಹೊತ್ತಿಗೆ 2026ರ ಮೇವರೆಗೆ ಎಳೆದರು. ಬಾಗಿಲು ಅಗಲವಾದದ್ದಕ್ಕೆ ನಮ್ಮ ತಕರಾರಿಲ್ಲ. ಯಾವ ಅಳತೆಗೋಲಿನಿಂದ ಆರಿಸಿದಿರಿ, ಅವಧಿ ಏಕೆ ವಿಸ್ತರಿಸಿದಿರಿ ಎಂದು ಜನರಿಗೆ ಹೇಳದೆ ಇರುವುದಕ್ಕೆ ಇದೆ. ವಿಸ್ತರಣೆಗಾಗಿ ಕಾಯುವ ಅಧಿಕಾರಿಯಿಂದ ಸರ್ಕಾರಕ್ಕೆ ಕಹಿ ಸಲಹೆ ಬರುವುದು ಕಷ್ಟ. ತಿಮ್ಮಯ್ಯನವರಂಥವರು ತಲೆಮಾರಿಗೊಬ್ಬರು.

ಕಾಯಿದೆ ಇಷ್ಟನ್ನು ಹೇಳಬೇಕು. ಜಂಟಿ ಹುದ್ದೆಯಲ್ಲಿ ಪೂರ್ಣ ಅವಧಿ ದುಡಿಯದ ಯಾವ ಅಧಿಕಾರಿಗೂ ಮೂರು ನಕ್ಷತ್ರವಿಲ್ಲ. ಮೂರು ನಕ್ಷತ್ರದ ಬಡ್ತಿ ಮಂಡಳಿಯಲ್ಲಿ ಬೇರೆ ಎರಡು ಪಡೆಗಳ ಅಧಿಕಾರಿಗಳಿಗೆ ಮತವಿರಬೇಕು. ಥಿಯೇಟರ್ ಕಮಾಂಡರನಾದವನು ಕನಿಷ್ಠ ಮೂರು ವರ್ಷ ಕುರ್ಚಿ ಬಿಡಬಾರದು, ಅದಕ್ಕೆ ನಿವೃತ್ತಿಯ ವಯಸ್ಸು ಅಡ್ಡ ಬಂದರೆ ವಯಸ್ಸನ್ನು ತಿದ್ದಲಿ. ಸಿಡಿಎಸ್ ಹುದ್ದೆ ಖಾಲಿಯಾದ ಮೂವತ್ತು ದಿನದೊಳಗೆ ತುಂಬಬೇಕು, ತುಂಬದಿದ್ದರೆ ರಕ್ಷಣಾ ಮಂತ್ರಿ ಲೋಕಸಭೆಯಲ್ಲಿ ನಿಂತು ಕಾರಣ ಹೇಳಬೇಕು. ಮುಂದಿನ ಬಡ್ತಿ ಮಂಡಳಿ ಕೂರುವ ಮೊದಲು ಇದು ಗೆಜೆಟ್ಟಿನಲ್ಲಿ ಅಚ್ಚಾಗಲಿ.