ಉತ್ತರ ಎಲ್ಲಿಗೆ ಬರಬೇಕು?

ಪರೀಕ್ಷಾ ಶುಲ್ಕ ಕಟ್ಟೋಕೆ ಕೊನೆಯ ದಿನ. ‘ಪೇ’ ಒತ್ತಿದ ಮೇಲೆ ಚಕ್ರ ತಿರುಗುತ್ತಾ ಇರುತ್ತೆ. ಕೆಳಗೆ ‘ರಿಫ್ರೆಶ್ ಮಾಡಬೇಡಿ, ಬ್ಯಾಕ್ ಒತ್ತಬೇಡಿ’ ಎಂಬ ಎಚ್ಚರಿಕೆ. ಸ್ವಲ್ಪ ಹೊತ್ತಿಗೆ ‘ಟೈಮ್ ಔಟ್’. ದುಡ್ಡು ಕಟ್ ಆಗಿದೆ ಅಂತ ಬ್ಯಾಂಕಿನ ಮೆಸೇಜು ಬಂದಿದೆ, ಪೋರ್ಟಲ್‌ನಲ್ಲಿ ಇನ್ನೂ ‘ಬಾಕಿ’ ಅಂತಿದೆ. ಮತ್ತೆ ಕಟ್ಟಬೇಕಾ, ಕಾಯಬೇಕಾ? ನಾನು ಭಯಕ್ಕೆ ಎರಡನೇ ಸಲ ಕಟ್ಟಿ, ಆಮೇಲೆ ರೀಫಂಡ್‌ಗೆ ಅಲೆದವನು.

ಇಂಥದ್ದು ಆದಾಗಲೆಲ್ಲ ‘ಸರ್ವರ್ ಡೌನ್’ ಎಂದು ಬೈದು ಸುಮ್ಮನಾಗ್ತೀವಿ. ಆದರೆ ಎಷ್ಟೋ ಸಲ ತಪ್ಪು ಇರೋದು ವಿನ್ಯಾಸದಲ್ಲಿ. ಅದೇ ತಪ್ಪನ್ನು ನಾವೂ ನಮ್ಮ ಪ್ರಾಜೆಕ್ಟುಗಳಲ್ಲಿ ಮಾಡ್ತಾ ಇದ್ದೀವಿ ಅನ್ನೋದೇ ನನ್ನ ತಕರಾರು.

ಲ್ಯಾಬಿನಲ್ಲಿ ನಾವು ಕಲಿಯೋದು ಒಂದೇ ಮಾದರಿ: ರಿಕ್ವೆಸ್ಟ್ ಕಳಿಸು, ಕನೆಕ್ಷನ್ ಹಿಡಿದುಕೊಂಡು ನಿಲ್ಲು, ರೆಸ್ಪಾನ್ಸ್ ತಗೋ. ಫಲಿತಾಂಶ ನೋಡೋಕೆ, ಲಾಗಿನ್ ಆಗೋಕೆ ಇದು ಸಾಕು. ಆದರೆ ಹಿಂದುಗಡೆ ಬ್ಯಾಂಕು, ಗೇಟ್‌ವೇ, ಇನ್ನೊಂದು ಸರ್ವಿಸ್ ಇದ್ದರೆ ಉತ್ತರ ಯಾವಾಗ ಬರುತ್ತೋ ಹೇಳೋಕಾಗಲ್ಲ. ಮಧ್ಯದಲ್ಲಿ ಎಂಜಿನ್‌ಎಕ್ಸ್ ಇದ್ದರೆ, ಸೆಟ್ಟಿಂಗ್ ಬದಲಿಸದ ಹೊರತು, ಹಿಂದಿನ ಸರ್ವರಿನಿಂದ 60 ಸೆಕೆಂಡು ಏನೂ ಬಾರದಿದ್ದರೆ ಅದು ಕಾಯೋದನ್ನ ಬಿಟ್ಟುಬಿಡುತ್ತೆ. ಆಗ ಕ್ಲೈಂಟಿಗೆ ಮೂರು ಅನುಮಾನ: ಕೋರಿಕೆ ತಲುಪಲೇ ಇಲ್ಲವಾ, ತಲುಪಿ ಕೆಲಸ ನಡೀತಾ ಇದೆಯಾ, ಕೆಲಸ ಮುಗಿದು ಉತ್ತರ ಮಾತ್ರ ಕಳೆದುಹೋಯ್ತಾ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತೆ.

ನಮ್ಮ ಕ್ಯಾಂಟೀನಿನವರು ಇದನ್ನು ಯಾವಾಗಲೋ ಬಗೆಹರಿಸಿದ್ದಾರೆ. ದೋಸೆ ಆಗೋವರೆಗೂ ಕೌಂಟರಿನಲ್ಲಿ ನಿಂತರೆ ಹಿಂದಿನ ಸಾಲು ಕದಲಲ್ಲ. ಅದಕ್ಕೇ ದುಡ್ಡು ತಗೊಂಡು ಟೋಕನ್ ಕೊಡ್ತಾರೆ, ದೋಸೆ ಬೇರೆ ಕಡೆ ಬರುತ್ತೆ. ಎಚ್‌ಟಿಟಿಪಿಯಲ್ಲೂ ಇದಕ್ಕೊಂದು ಕೋಡ್ ಇದೆ: 202, ಅಂದರೆ ‘ಕೋರಿಕೆ ಸ್ವೀಕರಿಸಿದ್ದೇನೆ, ಕೆಲಸ ಇನ್ನೂ ಮುಗಿದಿಲ್ಲ’. ನಮ್ಮ ಪ್ರಾಜೆಕ್ಟುಗಳಲ್ಲಿ 200, 404, 500 ಬಿಟ್ಟರೆ ಇದನ್ನು ಬಳಸಿದವರನ್ನು ನಾನು ಕಂಡಿಲ್ಲ.

ಟೋಕನ್ ಕೊಟ್ಟರೆ ಅರ್ಧ ಕೆಲಸ ಆಯ್ತು. ಉತ್ತರ ಎಲ್ಲಿಗೆ ಹೋಗಬೇಕು? ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಗೊತ್ತಾಗೋದು ಹೇಗೆ? ಸೋಪ್ ಕಾಲದವರು ಇದನ್ನು ಕೂತು ಯೋಚಿಸಿದ್ದರು. 2006ರಲ್ಲಿ ಡಬ್ಲ್ಯು3ಸಿ ಒಪ್ಪಿದ ಡಬ್ಲ್ಯುಎಸ್-ಅಡ್ರೆಸಿಂಗ್‌ನಲ್ಲಿ ಪ್ರತಿ ಸಂದೇಶಕ್ಕೂ ಒಂದು ‘ಮೆಸೇಜ್ ಐಡಿ’, ಉತ್ತರ ಕಳಿಸಬೇಕಾದ ‘ರಿಪ್ಲೈ ಟು’ ವಿಳಾಸ ಹಾಕಬಹುದು. ಇದು ಯಾವ ಸಂದೇಶಕ್ಕೆ ಉತ್ತರ ಅನ್ನೋದನ್ನ ‘ರಿಲೇಟ್ಸ್ ಟು’ ಹೇಳುತ್ತೆ. ಸೋಪ್ ಹಳೇದು ಅಂತ ನಗ್ತೀವಿ, ಆದರೆ 2016ರಲ್ಲಿ ಶುರುವಾದ ಯುಪಿಐ ಕೂಡ ಒಳಗೆ ನಡೆಯೋದು ಇದೇ ದಾರಿಯಲ್ಲಿ: ಕೋರಿಕೆಗೆ ಮೊದಲು ‘ತಲುಪಿತು’ ಅನ್ನೋ ಸ್ವೀಕೃತಿ, ನಿಜವಾದ ಉತ್ತರ ಆಮೇಲೆ ಬೇರೆ ಸಂದೇಶವಾಗಿ, ವಹಿವಾಟಿನ ಗುರುತಿನ ಸಂಖ್ಯೆಯೊಂದಿಗೆ.

ವಿಳಾಸದ ವಿಷಯದಲ್ಲಿ ನಾವೆಲ್ಲ ಎಡವುತ್ತೀವಿ. ಕಾಲ್‌ಬ್ಯಾಕ್ ವಿಳಾಸ ಅಂತ ‘ಲೋಕಲ್‌ಹೋಸ್ಟ್:8080’ ಕೊಟ್ಟು ರಾತ್ರಿಯೆಲ್ಲಾ ಕಾದವರು ಕೈ ಎತ್ತಿ! ಸರ್ವರಿಗೆ ಲೋಕಲ್‌ಹೋಸ್ಟ್ ಅಂದರೆ ಅದೇ ಸರ್ವರು. ಸರಿ ಅಂತ ಹಾಸ್ಟೆಲ್ ವೈಫೈ ಕೊಟ್ಟ 192.168ರ ವಿಳಾಸ ಕೊಟ್ಟರೂ ಅಷ್ಟೇ. ಅದು ಖಾಸಗಿ ವಿಳಾಸ, ಹೊರಗಿನಿಂದ ಅಲ್ಲಿಗೆ ದಾರಿಯೇ ಇಲ್ಲ. ಹೀಗಿರುವಾಗ ಕ್ಲೈಂಟೇ ಹೋಗಿ ‘ನನಗೇನಾದ್ರೂ ಬಂದಿದೆಯಾ?’ ಅಂತ ಕೇಳಬೇಕು. 2009ರ ಡಬ್ಲ್ಯುಎಸ್-ಮೇಕ್‌ಕನೆಕ್ಷನ್ ಇದನ್ನೇ ಮಾಡುತ್ತೆ. ಈಗಿನ ಪೋಲಿಂಗ್ ಕೂಡ ಅದೇ. ಕ್ಲೈಂಟೇ ತೆರೆದಿಟ್ಟ ವೆಬ್‌ಸಾಕೆಟ್ ಮೂಲಕವೂ ಉತ್ತರ ತರಿಸಬಹುದು.

ಸರ್ವರ್ ಕಡೆಯೂ ಒಂದು ಗುಂಡಿ ಇದೆ. ಬಾಕಿ ಇರೋ ಐಡಿಗಳನ್ನು ಮೆಮೊರಿಯ ಮ್ಯಾಪಿನಲ್ಲಿಟ್ಟರೆ ಡೆಮೊದಲ್ಲಿ ಚೆನ್ನಾಗಿ ನಡೆಯುತ್ತೆ. ಸರ್ವರ್ ಎರಡಾದ ದಿನ ಪ್ರಶ್ನೆ ಒಂದಕ್ಕೆ ಹೋಗಿರುತ್ತೆ, ಉತ್ತರ ಇನ್ನೊಂದಕ್ಕೆ ಬರುತ್ತೆ. ಎರಡನೆಯದಕ್ಕೆ ಆ ಐಡಿಯ ಪರಿಚಯವೇ ಇರಲ್ಲ. ಅದಕ್ಕೇ ಐಡಿಗಳು ಎರಡೂ ಓದಬಲ್ಲ ಡೇಟಾಬೇಸಿನಲ್ಲಿರಬೇಕು.

‘ಮಿನಿ ಪ್ರಾಜೆಕ್ಟಿಗೆ ಇಷ್ಟೆಲ್ಲಾ ಬೇಕಾ ಗುರು?’ ಅಂತ ಕೇಳ್ತೀರಿ. ಎಲ್ಲದಕ್ಕೂ ಬೇಡ. ಅಸಿಂಕ್ರೊನಸ್ ಕೋಡ್ ಬರೆಯೋದೂ ಕಷ್ಟ, ದೋಷ ಹುಡುಕೋದಂತೂ ಇನ್ನೂ ಕಷ್ಟ. ಆದರೆ ದುಡ್ಡು ಅಥವಾ ಸೀಟು ಹಂಚಿಕೆಯಂಥದ್ದು ಇದ್ದರೆ ಬೇಕೇ ಬೇಕು. ಕೋರಿಕೆಯ ಐಡಿಯನ್ನು ಕ್ಲೈಂಟ್ ಒಮ್ಮೆ ಮಾತ್ರ ಸೃಷ್ಟಿಸಿ, ಮರುಪ್ರಯತ್ನಕ್ಕೂ ಅದನ್ನೇ ಕಳಿಸಲಿ. ಆ ಐಡಿ ಮೊದಲೇ ಬಂದಿದ್ದರೆ ಸರ್ವರ್ ಹೊಸದಾಗಿ ದುಡ್ಡು ತಗೊಳ್ಳದೆ ಹಳೇ ಸ್ಥಿತಿಯನ್ನೇ ಹೇಳಲಿ. ಇಷ್ಟಾದರೆ ‘ರಿಫ್ರೆಶ್ ಮಾಡಬೇಡಿ’ ಅಂತ ಬಳಕೆದಾರರನ್ನು ಹೆದರಿಸೋ ಅಗತ್ಯ ಇರಲ್ಲ.

ಮುಂದಿನ ಪ್ರಾಜೆಕ್ಟ್ ರಿವ್ಯೂನಲ್ಲಿ ಪಕ್ಕದ ತಂಡಕ್ಕೆ ಮೂರು ಪ್ರಶ್ನೆ ಕೇಳಿ: ಉತ್ತರ ಎಲ್ಲಿಗೆ ಬರುತ್ತೆ? ಅದು ಯಾವ ಕೋರಿಕೆಯದು ಅಂತ ಹೇಗೆ ಗೊತ್ತಾಗುತ್ತೆ? ಅದೇ ಕೋರಿಕೆ ಎರಡು ಸಲ ಬಂದರೆ ಏನಾಗುತ್ತೆ? ನಮ್ಮ ತಂಡ ಎರಡನೆಯದರಲ್ಲೇ ಸಿಕ್ಕಿಬಿತ್ತು. ಹೋದ ವಾರದಿಂದ ಆ ಮ್ಯಾಪನ್ನು ಡೇಟಾಬೇಸಿಗೆ ಸಾಗಿಸ್ತಾ ಇದ್ದೀವಿ.