ಬೈಬಲ್ ಕ್ಲಾಸಿಗೆ ಮಾರ್ಕ್ಸ್ ಎಷ್ಟು?

ಮೊನ್ನೆ ಭಾನುವಾರ ನನ್ನ ಬೈಬಲ್ ಕ್ಲಾಸಿಗೆ ಬಂದ ಮಕ್ಕಳು ನಾಲ್ಕೇ ನಾಲ್ಕು. ಉಳಿದವರೆಲ್ಲ ಎಂಟ್ರೆನ್ಸ್ ಕೋಚಿಂಗಿಗೆ! "ಇದರಿಂದ ಮಾರ್ಕ್ಸ್ ಬರುತ್ತಾ ಸಾರ್?" ಅಂತ ಒಬ್ಬ ಅಪ್ಪ ನನ್ನನ್ನೇ ಕೇಳಿದರು.

ಬರಲ್ಲ ಮಾರಾಯ್ರೇ, ಒಪ್ಪಿದೆ. ಆದರೆ ನಾವಿರೋದು ಮಟ್ಟಾಂಚೇರಿಯಲ್ಲಿ. 1653ರಲ್ಲಿ ಸುರಿಯಾನಿ ಕ್ರೈಸ್ತರು ಪೋರ್ಚುಗೀಸರ ಕಾಲದ ಜೆಸುಯಿಟ್ ಅಧಿಕಾರ ಬೇಡವೆಂದು ಕೂನನ್ ಕುರಿಶಿನ ಆಣೆಯಿಟ್ಟದ್ದು ಇಲ್ಲೇ. ಅಂಥ ಗಟ್ಟಿ ಜನಕ್ಕೂ ಗ್ರಂಥ ತಮ್ಮ ಮಾತಲ್ಲಿ ಇರಲಿಲ್ಲ. ಬೆಂಜಮಿನ್ ಬೈಲಿಯ ಇಡೀ ಮಲಯಾಳಂ ಬೈಬಲ್ ಬಂದದ್ದು 1841ರಲ್ಲಿ. (ನಮ್ಮ ಕನ್ನಡದ್ದು ಬಳ್ಳಾರಿಯಲ್ಲಿ 1831ಕ್ಕೇ ಮುಗಿದಿತ್ತು. ಜಂಬ ಅಂದ್ರೆ ಅನ್ನಿ!) ಅಷ್ಟು ಕಾದು ಸಿಕ್ಕಿದ್ದನ್ನು ಓದಿಸೋಕೆ ವಾರಕ್ಕೊಂದು ಗಂಟೆ ಜಾಸ್ತಿಯಾಯ್ತಾ?

ನಾನು ಮಂಗಳೂರು ಬಿಟ್ಟು ಮೂವತ್ತು ವರ್ಷ. ಇಲ್ಲಿ ಕನ್ನಡದ ಬೋರ್ಡೂ ಕಣ್ಣಿಗೆ ಬೀಳಲ್ಲ. ಆದರೂ ಕನ್ನಡ ಓದೋದು ಮರೆತಿಲ್ಲ. ಚಿಕ್ಕಂದಿನ ಬೈಬಲ್ ಕ್ಲಾಸಿನಲ್ಲಿ ಟೀಚರಮ್ಮ ಜೋರಾಗಿ ಓದಿಸುತ್ತಿದ್ದರು, ತಪ್ಪಿದರೆ ಮತ್ತೆ ಮೊದಲಿಂದ.

ನನ್ನ ಮಗನನ್ನು ಮಾತ್ರ ನಾನೂ ಟ್ಯೂಷನ್ನಿಗೇ ಕಳಿಸಿದೆ. ಇಂಜಿನಿಯರ್ ಆದ. ಅವನ ಅಜ್ಜಿಯ ಕನ್ನಡ ಬೈಬಲ್ ಮನೆಯಲ್ಲಿದೆ, ಒಂದು ಸಾಲು ಓದೋಕೆ ಬರಲ್ಲ ಅವನಿಗೆ. ಇದನ್ನೇ ಆ ಅಪ್ಪನಿಗೆ ಹೇಳಿದೆ. ವಾಚ್ ನೋಡಿಕೊಂಡು ಹೊರಟರು.